ಎಕ್ಸ್‌ರೇ ಬಾಗಿಲ ಮೇಲಿನ ಫ್ಯಾನ್

ಯಾವುದೇ ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ನೋಡಿ. ಬಾಗಿಲ ಮೇಲೊಂದು ಕೆಂಪು ದೀಪ. ಪಕ್ಕದಲ್ಲಿ, ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಫಲಕ. ಅದರ ಬಳಿಯಲ್ಲೇ ಹಳದಿ ಹಿನ್ನೆಲೆಯ ಮೇಲೆ ಮೂರು ರೆಕ್ಕೆಯ ಒಂದು ಚಿತ್ರ. ಗೊತ್ತಿಲ್ಲದವರಿಗೆ ಅದು ಫ್ಯಾನಿನಂತೆಯೇ ಕಾಣುತ್ತದೆ. ತಪ್ಪು ಅವರದಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಕಿರಣ ಪ್ರಯೋಗಾಲಯದಲ್ಲಿ 1946ರಲ್ಲಿ ಕೆಲವರು ಕುಳಿತು ಬರೆದ ಗುರುತು ಅದು. ನಡುವಿನ ಚುಕ್ಕೆ ಪರಮಾಣು, ಸುತ್ತಲಿನ ಮೂರು ರೆಕ್ಕೆಗಳು ಅದರಿಂದ ಹೊರಡುವ ಕಿರಣಗಳು. ಹೇಳಿಕೊಟ್ಟರೆ ಮಾತ್ರ ತಿಳಿಯುವ ಚಿತ್ರ.

ಆ ಬಾಗಿಲ ಹಿಂದೆ ನಡೆಯುವುದಕ್ಕೆ ನಮ್ಮ ಜನ ಬಳಸುವ ಮಾತುಗಳು ಮೂರು: ಎಕ್ಸ್‌ರೇ, ಸ್ಕ್ಯಾನಿಂಗ್, ಕರೆಂಟ್. ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡುವುದು’ ಎಂಬ ಹೆಸರು ಹೇಗೆ ಬಂತೋ, ಅದು ಮಾತ್ರ ಗಟ್ಟಿಯಾಗಿ ಕುಳಿತುಬಿಟ್ಟಿದೆ. ಆ ಹೆಸರಿನ ಜೊತೆಗೇ ಹೆದರಿಕೆಯೂ ಮನೆಯೊಳಗೆ ಬಂದಿದೆ. ಕರೆಂಟ್ ಕೊಡಿಸಿಕೊಂಡು ಬಂದ ಅಜ್ಜಿ ಮೊಮ್ಮಗನನ್ನು ಎತ್ತಿಕೊಳ್ಳಲು ಹಿಂಜರಿಯುತ್ತಾಳೆ. ಅವಳ ತಟ್ಟೆ, ಲೋಟ, ಹಾಸಿಗೆ ಬೇರೆಯಾಗುತ್ತವೆ. ಆಡಿ ತೋರಿಸದಿದ್ದರೂ ಮನೆಯವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಆ ಕಿರಣ ಅವಳ ಮೈಯಲ್ಲಿ ಉಳಿದಿದೆಯೇ? ಈ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಸ್ಪಷ್ಟವಾದ ಉತ್ತರವಿದೆ. ಅದನ್ನು ಹೇಳಲು ನಾಲ್ಕಾರು ಪದಗಳ ಪರಿಚಯ ಬೇಕು, ಅಷ್ಟೆ.

ಮೊದಲು ಹಳೆಯ ಕಥೆ. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಎಂಬ ಪ್ರಾಧ್ಯಾಪಕರು ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸುತ್ತಿದ್ದರು. ಕೊಳವೆಗೆ ಕಪ್ಪು ಕಾಗದ ಸುತ್ತಿತ್ತು, ಕೋಣೆಯಲ್ಲಿ ಕತ್ತಲೆ. ಆದರೂ ಸ್ವಲ್ಪ ದೂರದಲ್ಲಿದ್ದ, ರಾಸಾಯನಿಕ ಲೇಪಿಸಿದ ಒಂದು ಪರದೆ ಮಂಕಾಗಿ ಹೊಳೆಯಿತು. ಕಣ್ಣಿಗೆ ಕಾಣದ ಏನೋ ಒಂದು ಕಾಗದವನ್ನು ತೂರಿ ಹೋಗುತ್ತಿತ್ತು. ಅದು ಏನೆಂದು ತಿಳಿಯದೆ, ಗಣಿತದಲ್ಲಿ ತಿಳಿಯದ ಸಂಖ್ಯೆಗೆ ಇಡುವ ಎಕ್ಸ್ ಎಂಬ ಅಕ್ಷರವನ್ನೇ ಅವರು ಅದಕ್ಕಿಟ್ಟರು. ಡಿಸೆಂಬರ್ 22ರಂದು ಹೆಂಡತಿ ಆನಾ ಬರ್ತಾರ ಕೈಯನ್ನು ಛಾಯಾಚಿತ್ರದ ಫಲಕದ ಮೇಲೆ ಇರಿಸಿ ತೆಗೆದ ಚಿತ್ರದಲ್ಲಿ ಬೆರಳಿನ ಮೂಳೆಗಳೂ ಉಂಗುರವೂ ಮೂಡಿದವು. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಈ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ.

ಕನ್ನಡದ ಪಠ್ಯಪುಸ್ತಕಗಳಲ್ಲಿ ಎಕ್ಸ್ ಅಕ್ಷರದ ಜಾಗಕ್ಕೆ ‘ಕ್ಷ’ ಬಂದು ಕುಳಿತು ಅದು ಕ್ಷ-ಕಿರಣವಾಯಿತು. ಒಳ್ಳೆಯ ಪದವೇ. ಆದರೆ ಎದೆಯ ಕ್ಷ-ಕಿರಣ ಚಿತ್ರ ತೆಗೆಸುವುದು ಕ್ಷಯ ಪತ್ತೆಗೆ ಎಂದು ಕೇಳಿ ಬೆಳೆದ ನನಗೆ, ‘ಕ್ಷ’ ಬಂದದ್ದು ಕ್ಷಯದಿಂದಲೇ ಎಂಬ ನಂಬಿಕೆ ಹೈಸ್ಕೂಲು ಮುಗಿಯುವವರೆಗೂ ಇತ್ತು.

ಈಗ ಕೋಣೆಯೊಳಗೆ ಹೋಗೋಣ. ತಲೆಯ ಮೇಲೆ ತೂಗುವ ಪೆಟ್ಟಿಗೆಯಲ್ಲಿ ಇರುವುದು ರಾಂಟ್‌ಜನ್ ಕೊಳವೆಯ ಮೊಮ್ಮಗನೇ. ಒಳಗೆ ಬಲ್ಬಿನಲ್ಲಿರುವಂಥ ಒಂದು ತಂತಿ ಕಾದು ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಹತ್ತಾರು ಸಾವಿರ ವೋಲ್ಟುಗಳ ಸೆಳೆತಕ್ಕೆ ಸಿಕ್ಕಿದ ಎಲೆಕ್ಟ್ರಾನುಗಳು ಧಾವಿಸಿ ಎದುರಿನ ಟಂಗ್‌ಸ್ಟನ್ ಬಿಲ್ಲೆಗೆ ಬಡಿಯುತ್ತವೆ. ಆ ಹೊಡೆತದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರೀ ಶಾಖವಾಗಿ ಹೋಗುತ್ತದೆ. ಉಳಿದ ಒಂದು ಪಾಲು ಕ್ಷ-ಕಿರಣ. ಯಂತ್ರ ನಡೆಸುವವರು ತಿರುಗಿಸುವ ಗುಂಡಿಗಳಲ್ಲಿ ಮುಖ್ಯವಾದವು ಎರಡು. ‘ಕೆವಿ’ ಎಂದರೆ ಕಿಲೋವೋಲ್ಟ್. ಕಿರಣ ಎಷ್ಟು ಆಳಕ್ಕೆ ತೂರಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ‘ಎಂಎಎಸ್’ ಎಂದರೆ ಕೊಳವೆಯ ವಿದ್ಯುತ್ತು ಮತ್ತು ಹೊತ್ತಿನ ಗುಣಲಬ್ಧ; ಎಷ್ಟು ಕಿರಣ ಬರಬೇಕೆಂಬುದು ಅದರ ಕೈಲಿದೆ. ಬೆರಳಿಗೊಂದು ಲೆಕ್ಕ, ದಪ್ಪ ಹೊಟ್ಟೆಗೆ ಇನ್ನೊಂದು ಲೆಕ್ಕ. ಲೆಕ್ಕ ತಪ್ಪಿದರೆ ಚಿತ್ರ ಕೆಡುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ. ಉಸಿರು ಎಳೆದು ಹಿಡಿದುಕೊಳ್ಳಿ ಎಂದು ಅವರು ಗದರುವುದೂ ಅದಕ್ಕೇ.

ಮೂಳೆಯಲ್ಲಿರುವ ಕ್ಯಾಲ್ಸಿಯಂ ಕಿರಣವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಆ ಜಾಗ ಬೆಳ್ಳಗೆ ಉಳಿಯುತ್ತದೆ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಕಿರಣ ಸಲೀಸಾಗಿ ದಾಟಿ ಹೋಗುವುದರಿಂದ ಅದು ಕಪ್ಪು. ಎಕ್ಸ್‌ರೇ ಚಿತ್ರವೆಂದರೆ ನಿಜವಾಗಿ ನೆರಳು. ಹೀರಿಕೆಗೂ ದಾಟಿಕೆಗೂ ಸೇರದೆ ಅಡ್ಡಾದಿಡ್ಡಿ ಹೋಗುವ ಒಂದಿಷ್ಟು ಕಿರಣವಿದೆ, ಅದನ್ನು ಚದರಿಕೆ ಎನ್ನುತ್ತಾರೆ. ಅದು ಚಿತ್ರವನ್ನು ಮಂಕಾಗಿಸುತ್ತದೆ; ಪಕ್ಕದಲ್ಲಿ ನಿಂತವರ ಮೈಮೇಲೂ ಬೀಳುತ್ತದೆ. ಮಗುವನ್ನು ಹಿಡಿದುಕೊಳ್ಳಲು ನಿಂತ ತಾಯಿಗೆ ಭಾರದ ಸೀಸದ ಏಪ್ರನ್ ಹಾಕುವುದು ಈ ಚದರಿಕೆಗಾಗಿ.

‘ಅವರೇ ಓಡಿಹೋಗಿ ಗೋಡೆ ಹಿಂದೆ ನಿಲ್ಲುತ್ತಾರೆ, ನಮ್ಮ ಗತಿ ಏನು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ರೋಗಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುವವನು. ಅವರು ದಿನವಿಡೀ ಅಲ್ಲೇ ಇರುವವರು.

ಇಲ್ಲಿ ಮೊದಲ ಮುಖ್ಯ ಮಾತು. ಸ್ವಿಚ್ ಆರಿಸಿದ ಕ್ಷಣದಲ್ಲಿ ಕ್ಷ-ಕಿರಣ ಇಲ್ಲವಾಗುತ್ತದೆ. ದೀಪ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯದಂತೆಯೇ ಕೋಣೆಯಲ್ಲಾಗಲಿ, ಹಾಸಿನ ಮೇಲಾಗಲಿ, ಫಿಲ್ಮಿನಲ್ಲಾಗಲಿ, ರೋಗಿಯ ಮೈಯಲ್ಲಾಗಲಿ ಏನೂ ಉಳಿಯುವುದಿಲ್ಲ. ಹೀಗೆ ಹೊರಟು ಹೋಗುವುದಕ್ಕೆ ವಿಕಿರಣ ಎಂದು ಹೆಸರು. ಇದಕ್ಕಿಂತ ಬೇರೆಯಾದ ಇನ್ನೊಂದು ಪದವಿದೆ: ವಿಕಿರಣಪಟುತ್ವ. ಅದು ಕಿರಣದ ಹೆಸರಲ್ಲ, ವಸ್ತುವಿನ ಗುಣ. ಯಾರೂ ಸ್ವಿಚ್ ಹಾಕದೆ, ಯಾರೂ ಆರಿಸಲಾಗದೆ, ತನ್ನಷ್ಟಕ್ಕೆ ಕಿರಣ ಸೂಸುತ್ತಲೇ ಇರುವ ಗುಣ. ಪತ್ರಿಕೆಗಳಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಬರೆದುಬಿಡುತ್ತೇವೆ. ಗೊಂದಲದ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಈ ಗುಣವನ್ನು ಕಂಡವರು ಪ್ಯಾರಿಸ್ಸಿನ ಹೆನ್ರಿ ಬೆಕೆರೆಲ್. 1896ರಲ್ಲಿ, ರಾಂಟ್‌ಜನ್ ಸುದ್ದಿ ಕೇಳಿದ ಕೆಲವೇ ವಾರಗಳಲ್ಲಿ, ಯುರೇನಿಯಂ ಲವಣದ ಜೊತೆ ಮೇಜಿನ ಖಾನೆಯಲ್ಲಿ ಇಟ್ಟಿದ್ದ ಛಾಯಾಚಿತ್ರ ಫಲಕ ಬಿಸಿಲೇ ಕಾಣದೆ ಕಪ್ಪಾದದ್ದನ್ನು ಅವರು ನೋಡಿದರು. ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿ ಇನ್ನೂ ಬಹುಪಾಲು ಪ್ರಬಲವಾದ ರೇಡಿಯಂ ಕಂಡುಹಿಡಿದರು. ಅವರಿಂದ ರೇಡಿಯಂ ಇದ್ದ ಪುಟ್ಟ ಗಾಜಿನ ನಳಿಗೆಯನ್ನು ಪಡೆದ ಬೆಕೆರೆಲ್ 1901ರಲ್ಲಿ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡಿದರು. ಕೆಲವು ದಿನಗಳಾದ ಮೇಲೆ ಜೇಬಿನ ಕೆಳಗಿನ ಚರ್ಮ ಸುಟ್ಟು ಹುಣ್ಣಾಯಿತು. ಈ ಜೇಬಿನ ಕಥೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ಮತ್ತೆ ಬರುತ್ತದೆ.

ಬೆಕೆರೆಲ್ ಹೆಸರು ಈಗ ಒಂದು ಮಾನವಾಗಿದೆ. ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಇದು ತೀರಾ ಚಿಕ್ಕ ಅಳತೆ. ಹಳೆಯ ಮಾನವಾದ ಕ್ಯೂರಿ ಒಂದು ಗ್ರಾಂ ರೇಡಿಯಂ ಲೆಕ್ಕದಲ್ಲಿ ಹುಟ್ಟಿದ್ದು. ಒಂದು ಕ್ಯೂರಿಗೆ 3,700 ಕೋಟಿ ಬೆಕೆರೆಲ್. ವಿಕಿರಣಪಟು ವಸ್ತು ಅಂದೊಡನೆ ಬೆಚ್ಚಬೇಕಾಗಿಲ್ಲ. ನಾವು ತಿನ್ನುವ ಬಾಳೆಹಣ್ಣು, ಆಲೂಗಡ್ಡೆಯ ಪೊಟ್ಯಾಸಿಯಂನಲ್ಲಿ ಅತ್ಯಲ್ಪ ಪಾಲು ವಿಕಿರಣಪಟುವೇ. ಎಪ್ಪತ್ತು ಕಿಲೋ ತೂಗುವ ಮನುಷ್ಯನ ಮೈಯಲ್ಲಿ ಅದರಿಂದಲೇ ಸುಮಾರು 4,000 ಬೆಕೆರೆಲ್ ಸದಾ ನಡೆದಿರುತ್ತದೆ. ನೆಲದಲ್ಲೂ ಇದೆ. ಕೇರಳದ ಕರುನಾಗಪ್ಪಳ್ಳಿಯ ಕರಾವಳಿಯಲ್ಲಿ, ನಮ್ಮ ಉಳ್ಳಾಲದ ಸಮುದ್ರತೀರದ ಕೆಲವೆಡೆ, ಥೋರಿಯಂ ಇರುವ ಮೊನಜೈಟ್ ಮರಳಿದೆ. ಅಲ್ಲಿ ಮಾಪಕ ಹಿಡಿದರೆ ಮುಳ್ಳು ಬೇರೆಡೆಗಿಂತ ಮೇಲೇಳುತ್ತದೆ. ಕರುನಾಗಪ್ಪಳ್ಳಿಯ ಜನರನ್ನು ದೀರ್ಘಕಾಲ ಅಧ್ಯಯನ ಮಾಡಿದ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸಂಶೋಧಕರು, ಆ ಕಾರಣಕ್ಕೆ ಅಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲವೆಂದು 2009ರಲ್ಲಿ ಪ್ರಕಟಿಸಿದರು.

ಇದರ ಜೊತೆಗೇ ಬರುವ ಪದ ಅರ್ಧಾಯು. ಇರುವ ಪರಮಾಣುಗಳಲ್ಲಿ ಅರ್ಧ ಒಡೆಯಲು ಹಿಡಿಯುವ ಕಾಲ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131ಕ್ಕೆ 8 ದಿನ. ಕೋಬಾಲ್ಟ್-60ಕ್ಕೆ 5 ವರ್ಷ 3 ತಿಂಗಳು. ರೇಡಿಯಂಗೆ 1,600 ವರ್ಷ. ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿ ಪುಸ್ತಕಗಳು ಮಾತ್ರ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಗಳಲ್ಲಿ ಕುಳಿತಿವೆ. ಹಾಳೆಗಳಿಗೆ ಅಂಟಿದ ರೇಡಿಯಂ ಧೂಳಿಗೆ ಒಡತಿ ಹೋದದ್ದು ತಿಳಿಯದು.

ಹಾಗಾದರೆ ಎಷ್ಟು ಕಿರಣ ಬಿದ್ದರೆ ಅಪಾಯ? ‘ಡೋಸ್’ ಎಂಬ ಪದ ಬರುವುದು ಇಲ್ಲಿ. ಈ ಪದಕ್ಕೆ ಬೆಲೆ ಕೊಟ್ಟವರು ಬೆರಳು ಕಳೆದುಕೊಂಡವರು, ಪ್ರಾಣ ಕಳೆದುಕೊಂಡವರು. ಮೊದಲ ವರ್ಷಗಳಲ್ಲಿ ಅಳತೆಗೋಲೇ ಇರಲಿಲ್ಲ. ಕೊಳವೆ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಕೆಲಸಗಾರರು ತಮ್ಮ ಕೈಯನ್ನೇ ಅಡ್ಡ ಹಿಡಿದು ಪರದೆಯಲ್ಲಿ ಮೂಳೆ ನೋಡುತ್ತಿದ್ದರು. ಎಷ್ಟು ಕಿರಣ ಬಿದ್ದರೆ ಚರ್ಮ ಕೆಂಪಾಗುತ್ತದೋ ಅದೇ ವೈದ್ಯರ ಅಳತೆ. ಅಂದರೆ ಮೊದಲ ಮಾಪಕ ಮನುಷ್ಯನ ಚರ್ಮ. ಥಾಮಸ್ ಎಡಿಸನ್‌ರ ಪ್ರಯೋಗಾಲಯದಲ್ಲಿ ಕ್ಲಾರೆನ್ಸ್ ಡ್ಯಾಲಿ ಎಂಬ ಗಾಜಿನ ಕೆಲಸಗಾರ ಸಹಾಯಕನಾಗಿದ್ದ. ಅವನ ಕೈಗಳಲ್ಲಿ ಹುಣ್ಣಾಗಿ, ಕ್ಯಾನ್ಸರ್ ಹರಡಿ, ಅವನ್ನು ಕತ್ತರಿಸಬೇಕಾಯಿತು. 1904ರಲ್ಲಿ ಅವನು ಸತ್ತ. ಎಡಿಸನ್ ಕ್ಷ-ಕಿರಣದ ಕೆಲಸವನ್ನೇ ಬಿಟ್ಟರು. ಅದಕ್ಕೂ ಮೊದಲೇ, 1901ರಲ್ಲಿ, ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಈ ಕಿರಣ ಕೊಲ್ಲಬಲ್ಲದು ಎಂದು ಎಚ್ಚರಿಸಿದ್ದರು. ಕೇಳಿದವರು ಕಡಿಮೆ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ, ಕ್ಷ-ಕಿರಣ ಮತ್ತು ರೇಡಿಯಂನಿಂದ ಸತ್ತ ವೈದ್ಯರು, ವಿಜ್ಞಾನಿಗಳು, ದಾದಿಯರಿಗಾಗಿ ಕಲ್ಲೊಂದನ್ನು ನಿಲ್ಲಿಸಿದರು. ಆಗಲೇ ಅದರ ಮೇಲೆ 169 ಹೆಸರುಗಳಿದ್ದವು. ಮುಂದೆ ಆ ಪಟ್ಟಿ 350 ದಾಟಿತು. ಇಷ್ಟಾದರೂ ಅಮೆರಿಕ, ಇಂಗ್ಲೆಂಡಿನ ಚಪ್ಪಲಿ ಅಂಗಡಿಗಳಲ್ಲಿ ಮಕ್ಕಳ ಕಾಲು ಬೂಟಿಗೆ ಸರಿಹೊಂದುತ್ತದೆಯೇ ಎಂದು ನೋಡಲು 1950ರ ದಶಕದವರೆಗೂ ಎಕ್ಸ್‌ರೇ ಯಂತ್ರ ಇಟ್ಟಿದ್ದರು!

ಡೋಸಿನ ವಿಚಿತ್ರ ಎಂದರೆ ಅದರ ಶಕ್ತಿ ಅತ್ಯಲ್ಪ. ಒಂದು ಕಿಲೋ ಮಾಂಸ ಒಂದು ಜೂಲ್ ಶಕ್ತಿಯನ್ನು ಕಿರಣದಿಂದ ಹೀರಿಕೊಂಡರೆ ಅದು ಒಂದು ಗ್ರೇ. ಇಂಗ್ಲೆಂಡಿನ ಭೌತವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರಿನ ಮಾನ ಇದು. ಹಳೆಯ ಪುಸ್ತಕಗಳ ‘ರ್‍ಯಾಡ್’ ಲೆಕ್ಕದಲ್ಲಿ ನೂರು. ಇಡೀ ಮೈಗೆ ಒಮ್ಮೆಲೇ ಸುಮಾರು 4 ಗ್ರೇ ಬಿದ್ದು ಚಿಕಿತ್ಸೆ ದೊರೆಯದಿದ್ದರೆ ಅರ್ಧದಷ್ಟು ಜನ ಸಾಯುತ್ತಾರೆ. ಆ 4 ಗ್ರೇ ಶಕ್ತಿಯಿಂದ ಮೈಯ ಬಿಸಿ ಏರುವುದು ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲು ಮಾತ್ರ. ಒಂದು ಗುಟುಕು ಬಿಸಿ ಕಾಫಿ ಅಷ್ಟೇ ಶಾಖ ಕೊಡುತ್ತದೆ. ಕಾಫಿ ಕುಡಿದವರು ಸಾಯುವುದಿಲ್ಲ. ವ್ಯತ್ಯಾಸ ಇರುವುದು ಶಕ್ತಿ ಬೀಳುವ ರೀತಿಯಲ್ಲಿ. ಕಾಫಿಯ ಶಾಖ ಎಲ್ಲ ಕಡೆ ಹಂಚಿಹೋಗುತ್ತದೆ. ಕ್ಷ-ಕಿರಣದ ಶಕ್ತಿ ಸೂಜಿಯ ಮೊನೆಯಂತೆ ಒಂದೊಂದೇ ಪರಮಾಣುವಿಗೆ ತಗುಲಿ ಅದರಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುತ್ತದೆ. ಇದೇ ಅಯಾನೀಕರಣ. ಜೀವಕೋಶದ ಡಿಎನ್ಎ ಎಳೆ ತುಂಡಾಗುವುದು ಹೀಗೆ. ಮೈಗೆ ಬಿಸಿಯೂ ತಿಳಿಯದು, ನೋವೂ ತಿಳಿಯದು.

ಎಲ್ಲ ಬಗೆಯ ಕಿರಣಗಳೂ ಒಂದೇ ಪ್ರಮಾಣದಲ್ಲಿ ಕೆಡಿಸುವುದಿಲ್ಲ, ಎಲ್ಲ ಅಂಗಗಳೂ ಒಂದೇ ಪ್ರಮಾಣದಲ್ಲಿ ಕೆಡುವುದಿಲ್ಲ. ಈ ಎರಡನ್ನೂ ಸೇರಿಸಿ ಲೆಕ್ಕ ಹಾಕಿದ ಮಾನ ಸೀವರ್ಟ್. ಸ್ವೀಡನ್ನಿನ ರಾಲ್ಫ್ ಸೀವರ್ಟ್ ಹೆಸರಿನದು. ಆಸ್ಪತ್ರೆಯ ಲೆಕ್ಕ ಅದರ ಸಾವಿರದಲ್ಲೊಂದು ಪಾಲಾದ ಮಿಲಿಸೀವರ್ಟಿನಲ್ಲಿ ನಡೆಯುತ್ತದೆ. ನೆಲ, ಗಾಳಿ, ಆಕಾಶ, ಆಹಾರದಿಂದ ಲೋಕದ ಜನರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಎದೆಯ ಒಂದು ಎಕ್ಸ್‌ರೇಗೆ 0.02ರಿಂದ 0.1. ಅಂದರೆ ಮನೆಯಲ್ಲೇ ಕೆಲವು ದಿನ ಕುಳಿತಿದ್ದರೂ ಬರುವಷ್ಟು. ಹೊಟ್ಟೆಯ ಸಿ.ಟಿ. ಸ್ಕ್ಯಾನಿಗೆ ಮಾತ್ರ ಸುಮಾರು 8ರಿಂದ 10. ಎದೆಯ ನೂರಾರು ಎಕ್ಸ್‌ರೇಗಳಿಗೆ ಅದು ಸಮ. ಅಗತ್ಯವಿದ್ದಾಗ ಅದು ಪ್ರಾಣ ಉಳಿಸುವ ಪರೀಕ್ಷೆ. ತಲೆನೋವಿಗೆಲ್ಲ ‘ಸ್ಕ್ಯಾನಿಂಗ್ ಬರೆದುಕೊಡಿ’ ಎಂದು ರೋಗಿಯೇ ಒತ್ತಾಯ ಮಾಡುವುದು ಬೇರೆ ಮಾತು.

ಈ ‘ಸ್ಕ್ಯಾನಿಂಗ್’ ಎಂಬ ಮಾತೂ ಒಂದು ಗೋಣಿಚೀಲ, ಎಲ್ಲವೂ ಅದರೊಳಗೆ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಬರೀ ಶಬ್ದದ ಅಲೆ. ಅದರಲ್ಲಿ ಕ್ಷ-ಕಿರಣದ ಸುಳಿವೇ ಇಲ್ಲ. ಎಂ.ಆರ್.ಐ. ಅಯಸ್ಕಾಂತ ಮತ್ತು ರೇಡಿಯೋ ಅಲೆಯ ಕೆಲಸ. ಸಿ.ಟಿ. ಮಾತ್ರ ಸುತ್ತ ತಿರುಗುತ್ತ ತೆಗೆಯುವ ಕ್ಷ-ಕಿರಣ. ಮೂರಕ್ಕೂ ಒಂದೇ ಹೆಸರಿಟ್ಟರೆ ಬೇಡದ ಕಡೆ ಹೆದರಿಕೆ, ಬೇಕಾದ ಕಡೆ ಅಸಡ್ಡೆ.

ಎಕ್ಸ್‌ರೇ ವಿಭಾಗದವರ ಎದೆಯ ಮೇಲೆ ಪುಟ್ಟ ಬ್ಯಾಡ್ಜ್ ಇರುವುದನ್ನು ಗಮನಿಸಿರಬಹುದು. ಅದಕ್ಕೆ ಟಿಎಲ್‌ಡಿ ಎನ್ನುತ್ತಾರೆ. ಅದರೊಳಗಿನ ಬಿಲ್ಲೆಗಳು ಬಿದ್ದ ಕಿರಣದ ಲೆಕ್ಕವನ್ನು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಒಪ್ಪಿಸುತ್ತವೆ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸಬೇಕು. ನಮ್ಮ ದೇಶದಲ್ಲಿ ಈ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿತಿ. ಇದನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಡ್ಯಾಲಿಗೆ ಇಲ್ಲದಿದ್ದದ್ದು ಆ ಬೆರಳುದ್ದದ ಬ್ಯಾಡ್ಜ್.

ಇನ್ನು ಅಜ್ಜಿಯ ಪ್ರಶ್ನೆಗೆ ಬರೋಣ. ‘ಕರೆಂಟ್’ ಕೊಡುವ ಯಂತ್ರ ಎರಡು ಬಗೆ. ಒಂದರಲ್ಲಿ ವಿದ್ಯುತ್ತಿನಿಂದ ಕಿರಣ ಹುಟ್ಟುತ್ತದೆ. ಇನ್ನೊಂದರಲ್ಲಿ ಸೀಸದ ದಪ್ಪ ಕವಚದೊಳಗೆ ಕೋಬಾಲ್ಟ್-60 ಇದ್ದು, ಕಿಂಡಿ ತೆರೆದಷ್ಟು ಹೊತ್ತು ಕಿರಣ ಬರುತ್ತದೆ. ಗೆಡ್ಡೆ ಇರುವ ಜಾಗಕ್ಕೆ ಮಾತ್ರ ಗುರಿಯಿಟ್ಟು ಒಂದು ದಿನಕ್ಕೆ 2 ಗ್ರೇಯಂತೆ ಐದಾರು ವಾರಗಳಲ್ಲಿ 50ರಿಂದ 60 ಗ್ರೇ ಕೊಡುವುದು ವಾಡಿಕೆ. ಹಂಚಿ ಕೊಡುವುದೇಕೆಂದರೆ, ನಡುವಿನ ಹೊತ್ತಿನಲ್ಲಿ ಒಳ್ಳೆಯ ಕೋಶಗಳು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರಿನವು ಅಷ್ಟು ಚುರುಕಲ್ಲ. ಎರಡು ಯಂತ್ರಗಳಲ್ಲೂ ಕಿರಣ ಅಜ್ಜಿಯ ಮೈ ದಾಟಿ ಹೋಗುತ್ತದೆ, ಕೋಬಾಲ್ಟ್ ಯಂತ್ರದಲ್ಲೇ ಉಳಿಯುತ್ತದೆ. ಅವಳು ಹೊರಬಂದ ಕ್ಷಣದಿಂದ ಮೊಮ್ಮಗನನ್ನು ಎತ್ತಿಕೊಳ್ಳಬಹುದು. ತಟ್ಟೆ ಬೇರೆ ಮಾಡಬೇಕಾಗಿಲ್ಲ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಆ ಜಾಗದಲ್ಲೇ ಸ್ವಲ್ಪ ಹೊತ್ತು ವಿಕಿರಣಪಟು ವಸ್ತುವನ್ನಿಟ್ಟು ತೆಗೆದಾಗಲೂ ಇದೇ ಮಾತು. ಅಯೋಡಿನ್-131 ಕುಡಿದ ಥೈರಾಯ್ಡ್ ರೋಗಿಯ ವಿಷಯ ಮಾತ್ರ ಬೇರೆ. ಅಲ್ಲಿ ವಸ್ತುವೇ ಮೈಯೊಳಗೆ ಹೋಗಿದೆ. ಆದ್ದರಿಂದ ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು. ಅದೂ ಕೆಲವು ದಿನಗಳ ಮಾತು.

ಹೆದರಬೇಕಾದ ಕಡೆ ಹೆದರದೆ ಹೋದರೆ ಏನಾಗುತ್ತದೆ? ಬ್ರೆಜಿಲ್ಲಿನ ಗೋಯಾನಿಯಾದಲ್ಲಿ 1987ರಲ್ಲಿ, ಖಾಲಿ ಮಾಡಿದ ಆಸ್ಪತ್ರೆಯಲ್ಲಿ ಬಿಟ್ಟುಹೋಗಿದ್ದ ಚಿಕಿತ್ಸಾ ಯಂತ್ರವನ್ನು ಗುಜರಿಗೆಂದು ಒಡೆದರು. ಒಳಗಿನ ಸೀಸಿಯಂ-137ರ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಚಂದವಾಗಿದೆಯೆಂದು ನೆಂಟರಿಷ್ಟರಿಗೆ ಹಂಚಿದರು. ನಾಲ್ವರು ಸತ್ತರು, 249 ಮಂದಿಗೆ ಪುಡಿ ಅಂಟಿತ್ತು. ಆಮೇಲೆ ಹೆದರಿಕೆ ಎಷ್ಟು ಹಬ್ಬಿತೆಂದರೆ, ಸತ್ತ ಪುಟ್ಟ ಹುಡುಗಿಯನ್ನು ಹೂಳಲು ಬಿಡದೆ ಜನ ಕಲ್ಲು ಹಿಡಿದು ನಿಂತರು.

ನಮ್ಮಲ್ಲಿ ಇಂಥದ್ದು ನಡೆದದ್ದು 2010ರಲ್ಲಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಕೋಬಾಲ್ಟ್-60ರ ಯಂತ್ರ ಫೆಬ್ರವರಿಯಲ್ಲಿ ಹರಾಜಾಗಿ, ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಅರ್ಧಾಯುವಿನ ಲೆಕ್ಕ ಹಾಕಿದರೆ ಆ ಇಪ್ಪತ್ತೈದು ವರ್ಷಗಳಲ್ಲಿ ಅದರ ಬಲ ಇಪ್ಪತ್ತೇಳರಲ್ಲಿ ಒಂದು ಪಾಲಿಗೆ ಇಳಿದಿತ್ತು. ಉಳಿದಷ್ಟೇ ಸಾಕಾಯಿತು. ಗುಜರಿಯವರು ಸೀಸ ಬಿಚ್ಚಿದರು, ಒಳಗಿನ ಲೋಹ ತುಂಡಾಯಿತು. ಕೆಲವು ವಾರಗಳಲ್ಲಿ ಚರ್ಮ ಕಪ್ಪಾಗಿ, ಕೂದಲು ಉದುರಿ, ಹಲವರು ಆಸ್ಪತ್ರೆ ಸೇರಿದರು. ಏಪ್ರಿಲ್‌ನಲ್ಲಿ ಒಬ್ಬ ಸತ್ತ. ಅಂಗಡಿಯವರೊಬ್ಬರು ಒಂದು ತುಂಡನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದ್ದರು. ಬೆಕೆರೆಲ್ ಜೇಬಿಗೂ ಈ ಪರ್ಸಿಗೂ ನಡುವೆ ಇದ್ದದ್ದು ನೂರಾ ಒಂಬತ್ತು ವರ್ಷ.

ಅದಕ್ಕೆ ಮೂರು ವರ್ಷ ಮೊದಲು, 2007ರಲ್ಲಿ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೊಸದೊಂದು ಗುರುತನ್ನು ಹೊರತಂದಿತ್ತು. 11 ದೇಶಗಳ ಜನರಿಗೆ ತೋರಿಸಿ ಪರೀಕ್ಷಿಸಿ ಆಯ್ದ ಚಿತ್ರ ಅದು. ಕೆಂಪು ತ್ರಿಕೋನದಲ್ಲಿ ಮೇಲೆ ಮೂರು ರೆಕ್ಕೆ, ಅದರಿಂದ ಇಳಿಯುವ ಅಲೆಗಳು, ಕೆಳಗೊಂದು ತಲೆಬುರುಡೆ, ಓಡಿಹೋಗುತ್ತಿರುವ ಒಬ್ಬ ಮನುಷ್ಯ. ಓದು ಬಾರದವರಿಗೂ ತಿಳಿಯಬೇಕೆಂಬುದು ಉದ್ದೇಶ. ಅದನ್ನು ಆಸ್ಪತ್ರೆಯ ಬಾಗಿಲಿಗೆ ಹಚ್ಚುವುದಿಲ್ಲ. ಯಂತ್ರದ ಹೊರಗೂ ಅಲ್ಲ, ಒಳಗೆ, ವಿಕಿರಣಪಟು ವಸ್ತು ಇರುವ ಗೂಡಿನ ಹತ್ತಿರ ಹಚ್ಚುತ್ತಾರೆ. ಬಿಚ್ಚಲು ಕೈಹಾಕಿದವನಿಗೆ ಮಾತ್ರ ಕಾಣುವಂತೆ. ಮಾಯಾಪುರಿಗೆ ಬಂದ ಯಂತ್ರದಲ್ಲಿ ಅದು ಇರುವಂತಿರಲಿಲ್ಲ. ಅದು ಮೂಲೆ ಸೇರಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು.